ಹುಡುಗಿಗೆ ಊಟಕ್ಕೆ ಕೊಡಿ

ಗದಗದ ಪಕ್ಕದ ಬೆಟಗೇರಿಯ ನಮ್ಮ ಓಣಿಯಲ್ಲಿ ಹಗಲಿಡೀ ಮಗ್ಗದ ಸದ್ದು. ಸದ್ದು ನಿಂತರೆ ಊಟದ ಹೊತ್ತಾಯಿತು ಅಂತ ಲೆಕ್ಕ. ಊಟದ ಹೊತ್ತಲ್ಲದಾಗ ನಿಂತರೆ ಯಾರೋ ತೀರಿಕೊಂಡಿದ್ದಾರೆ ಅಂತ. ದೊಡ್ಡವರು ಉಂಡು ಅಡ್ಡಾಗುವ ಆ ಮಧ್ಯಾಹ್ನದ ಹೊತ್ತಿನಲ್ಲೇ ನಾನು ಪಕ್ಕದ ಮನೆಗೆ ಓಡುತ್ತಿದ್ದೆ. ಅಲ್ಲಿ ಅಕ್ಕೋರು ಇದ್ದರು.

ಅಕ್ಕೋರು ಅಂದರೆ ನಮ್ಮ ಕಡೆ ಟೀಚರಮ್ಮ. ಶಾಲೆ ಬಿಟ್ಟು ಎಷ್ಟು ವರ್ಷವಾದರೂ ಅಕ್ಕೋರು ಅಕ್ಕೋರೇ. ಇವರು ಕ್ರಿಶ್ಚನ್ನರು. ಒಬ್ಬರೇ ಇದ್ದರು. ಕಣ್ಣಿಗೆ ಪೊರೆ ಬಂದಿತ್ತು, ಓದಲು ಆಗುತ್ತಿರಲಿಲ್ಲ. ನಾನು ಐದನೇ ಇಯತ್ತೆಯಲ್ಲಿದ್ದೆ. ನಮ್ಮಿಬ್ಬರ ನಡುವೆ ಒಂದು ಕರಾರು ಆಯಿತು. ನಾನು ಒಂದು ಅಧ್ಯಾಯ ಗಟ್ಟಿಯಾಗಿ ಓದಬೇಕು, ಅವರು ಒಂದು ಮುಷ್ಟಿ ಚುರುಮುರಿ ಕೊಡಬೇಕು. ಓದಬೇಕಾದ ಪುಸ್ತಕ ಬೈಬಲ್ಲು. ಅದರ ಬೆನ್ನು ಕಿತ್ತುಹೋಗಿತ್ತು. ನಮ್ಮ ಅಜ್ಜ ಅದನ್ನು ಸೀರೆಯ ರೇಷ್ಮೆ ನೂಲಿನಿಂದ ಹೊಲಿದು ಕೊಟ್ಟಿದ್ದ.

ನಮ್ಮ ಅತ್ತೆಗೆ ಇದು ಸರಿಬರಲಿಲ್ಲ. "ಆಕಿ ಈ ಹುಡುಗಿನ್ನ ಕ್ರಿಶ್ಚನ್ ಮಾಡ್ತಾಳ ನೋಡ್ರಿ" ಅಂತ ಅಪ್ಪನ ಕಿವಿಯಲ್ಲಿ ಹಾಕಿದಳು. ಅಪ್ಪ ತಲೆಯೆತ್ತದೆ ಹೇಳಿದ: "ಓದಲಿ ಬಿಡು. ಕನ್ನಡರ ಸುದ್ದ ಬರ್ತದ."

ಕನ್ನಡ ಸುಧಾರಿಸಿತು. ನಾನು ಕ್ರಿಶ್ಚನ್ ಆಗಲಿಲ್ಲ. ಇವತ್ತಿಗೂ ಸ್ನಾನ ಆದಮೇಲೆ ಲಿಂಗಪೂಜೆ ಮಾಡಿಕೊಂಡೇ ಕೆಲಸಕ್ಕೆ ಹೋಗುತ್ತೇನೆ. ಆದರೆ ಆ ಚುರುಮುರಿಯ ಜೊತೆ ಒಬ್ಬ ಮನುಷ್ಯ ನನ್ನೊಳಗೆ ಬಂದು ಕೂತ. ಅವನು ದೇವರ ಮಗನೋ ಅಲ್ಲವೋ ಅನ್ನೋದು ನನ್ನ ತಲೆಗೆ ಮೀರಿದ್ದು. ಅದನ್ನು ಅವನನ್ನು ನಂಬುವವರಿಗೆ ಬಿಡುತ್ತೇನೆ. ನನಗೆ ಗೊತ್ತಿರುವುದು ದಾರಿಯಲ್ಲಿ ನಡೆಯುವ, ದಣಿಯುವ, ಸಿಟ್ಟಾಗುವ, ಯಾರಾದರೂ ಕರೆದರೆ ನಿಲ್ಲುವ ಯೇಸು.

ಅಕ್ಕೋರಿಗೆ ಮಾರ್ಕನ ಸುವಾರ್ತೆ ಅಂದರೆ ಪ್ರೀತಿ. ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ನನಗೂ ಅದೇ ಇಷ್ಟ, ಯಾಕೆಂದರೆ ಅದರಲ್ಲಿ ಎಲ್ಲರೂ ಯಾವಾಗಲೂ ಗಡಿಬಿಡಿಯಲ್ಲಿರುತ್ತಾರೆ. ಐದನೇ ಅಧ್ಯಾಯದಲ್ಲಿ ಯಾಯೀರ ಅಂತ ಒಬ್ಬ ಬರುತ್ತಾನೆ. ಯೆಹೂದ್ಯರ ಸಭಾಮಂದಿರದ ಹಿರಿಯ, ಊರಲ್ಲಿ ಮರ್ಯಾದೆ ಇದ್ದವನು. ಮಗಳಿಗೆ ಜೀವ ಹೋಗುವ ಹಾಗಾಗಿದೆ. ಬಂದು ಕಾಲಿಗೆ ಬೀಳುತ್ತಾನೆ. ಯೇಸು ಅವನ ಜೊತೆ ಹೊರಡುತ್ತಾನೆ. ಹಿಂದೆ ಜಾತ್ರೆಯಂಥ ಮಂದಿ, ಒಬ್ಬರ ಮೇಲೊಬ್ಬರು ನೂಕಾಡುತ್ತಿದ್ದಾರೆ.

ಅಷ್ಟರಲ್ಲಿ ಒಬ್ಬ ಹೆಂಗಸು ಹಿಂದಿನಿಂದ ಬಂದು ಅವನ ಬಟ್ಟೆ ಮುಟ್ಟುತ್ತಾಳೆ. ಅವಳಿಗೆ 12 ವರ್ಷದಿಂದ ರಕ್ತಸ್ರಾವ. ಬಹಳ ವೈದ್ಯರ ಕೈಗೆ ಸಿಕ್ಕು, ಇದ್ದದ್ದನ್ನೆಲ್ಲ ಖರ್ಚು ಮಾಡಿ, ಮೊದಲಿಗಿಂತ ಜಾಸ್ತಿ ಕೆಟ್ಟಿದ್ದಳು ಅಂತ ಮಾರ್ಕ ಬರೆಯುತ್ತಾನೆ. ಈ ಸಾಲು ಓದಿದಾಗ ಅಕ್ಕೋರು ಪ್ರತಿ ಸಲ ನಗುತ್ತಿದ್ದರು. ಅವರಿಗೆ ಮಂಡಿನೋವು ಇತ್ತು.

ಯೇಸು ನಿಲ್ಲುತ್ತಾನೆ. "ನನ್ನ ಬಟ್ಟೆ ಮುಟ್ಟಿದವರು ಯಾರು?" ಅನ್ನುತ್ತಾನೆ. ಶಿಷ್ಯರಿಗೆ ತಲೆ ಕೆಡುತ್ತದೆ. ಇಷ್ಟು ಮಂದಿ ಮೈಮೇಲೆ ಬೀಳುತ್ತಿದ್ದಾರೆ, ಯಾರು ಮುಟ್ಟಿದರು ಅಂತ ಕೇಳುತ್ತೀಯಲ್ಲ! ಯಾಯೀರನ ಹೊಟ್ಟೆಯಲ್ಲಿ ಆಗ ಏನಾಗಿರಬೇಡ? ಮಗಳು ಅಲ್ಲಿ ಸಾಯುತ್ತಿದ್ದಾಳೆ, ಇವನು ಇಲ್ಲಿ ನಿಂತು ಸುತ್ತ ನೋಡುತ್ತಿದ್ದಾನೆ. ಹೆಂಗಸು ನಡುಗುತ್ತಾ ಮುಂದೆ ಬಂದು ಎಲ್ಲವನ್ನೂ ಹೇಳುತ್ತಾಳೆ. 12 ವರ್ಷದ ಕಥೆ ಹೇಳಲು ಹೊತ್ತು ಬೇಕಲ್ಲ. ಅವನು ಅಷ್ಟೂ ಹೊತ್ತು ಕೇಳುತ್ತಾನೆ. ಕೊನೆಗೆ ಅವಳನ್ನು "ಮಗಳೇ" ಅಂತ ಕರೆಯುತ್ತಾನೆ.

ಅವಳ ಮುಟ್ಟಿನಿಂದ ಮೈಲಿಗೆ ಅಂತ ಅಲ್ಲಿಯ ಕಟ್ಟಳೆ ಇತ್ತು. ಇದನ್ನು ಅಕ್ಕೋರು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಲಿಂಗಾಯತರಿಗೆ ಪಂಚಸೂತಕ ಇಲ್ಲ, ಮುಟ್ಟಿನ ಸೂತಕವಂತೂ ಇಲ್ಲವೇ ಇಲ್ಲ ಅಂತ ಅಪ್ಪ ಭಾಷಣ ಮಾಡುತ್ತಿದ್ದ. ಅದೇ ಮನೆಯಲ್ಲಿ ಅವ್ವ ತಿಂಗಳಿಗೆ ಮೂರು ದಿನ ಹಿತ್ತಲ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದಳು.

ಕಥೆ ಇನ್ನೂ ಇದೆ. ಆಳು ಓಡಿ ಬಂದು ಹುಡುಗಿ ಸತ್ತಳು ಅನ್ನುತ್ತಾನೆ. ಯೇಸು ಆದರೂ ಹೋಗುತ್ತಾನೆ. ಬಾಗಿಲಲ್ಲಿ ಅಳುವವರ ಗದ್ದಲ. ಅವರನ್ನೆಲ್ಲ ಹೊರಗೆ ಕಳಿಸಿ, ತಾಯಿ ತಂದೆಯನ್ನೂ ಮೂವರು ಶಿಷ್ಯರನ್ನೂ ಮಾತ್ರ ಕರೆದುಕೊಂಡು ಒಳಗೆ ಹೋಗಿ, ಹುಡುಗಿಯ ಕೈ ಹಿಡಿದು "ತಲಿಥಾ ಕೂಮ್" ಅನ್ನುತ್ತಾನೆ. ಅದು ಅವನ ಮನೆಮಾತು, ಅರಮಾಯಿಕ್. ಪುಟ್ಟೀ, ಏಳು ಅಂತ ಅರ್ಥ. ಮಾರ್ಕ ಬರೆದದ್ದು ಗ್ರೀಕಿನಲ್ಲಿ, ಆದರೆ ಈ ಎರಡು ಮಾತನ್ನು ಅವನು ಹಾಗೇ ಉಳಿಸಿಕೊಂಡ. ಹುಡುಗಿ ಎದ್ದು ನಡೆದಾಡುತ್ತಾಳೆ. ಅವಳಿಗೂ 12 ವರ್ಷ. ಅಂದರೆ ಇವಳು ಹುಟ್ಟಿದ ವರ್ಷವೇ ಆ ಹೆಂಗಸಿಗೆ ರೋಗ ಹತ್ತಿದೆ. ಎಲ್ಲರೂ ಬೆರಗಾಗಿ ನಿಂತಿರುವಾಗ ಯೇಸು ಒಂದು ಮಾತು ಹೇಳುತ್ತಾನೆ. ಹುಡುಗಿಗೆ ಊಟಕ್ಕೆ ಕೊಡಿ.

ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ನಾನು ಚುರುಮುರಿಗೆ ಕೈ ಚಾಚಿದ್ದೆ. ಅಕ್ಕೋರು ಡಬ್ಬಿ ಹಿಡಿದುಕೊಂಡೇ ಕೂತಿದ್ದರು.

"ಇದಕ್ಕs ನನಗ ಆತ ಸೇರತಾನ ನೋಡವಾ" ಅಂದರು. "ಸತ್ತಾಕಿ ಎದ್ದಳಂತ ಎಲ್ಲಾರೂ ಬಾಯಿ ತಕ್ಕೊಂಡು ನಿಂತಿದ್ರು. ಕೂಸು ಹಸದೈತಿ ಅಂತ ಗೊತ್ತಾಗಿದ್ದು ಆತಗ ಒಬ್ಬಗ."

ನನಗೀಗ 54. ಧರ್ಮದ ಬಗ್ಗೆ ಸಾಕಷ್ಟು ಪ್ರವಚನ ಕೇಳಿದ್ದೇನೆ. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾರೂ ಹೇಳಿದ್ದು ನೆನಪಿಲ್ಲ.

ಯೇಸು ಅಂದಕೂಡಲೇ ಜನ ಪ್ರೀತಿ, ಕ್ಷಮೆ ಅಂತ ಶುರು ಮಾಡುತ್ತಾರೆ. ಇರಬಹುದು. ಆದರೆ ಅವು ದೊಡ್ಡ ಮಾತುಗಳು, ಗೋಡೆಯ ಮೇಲಿನ ಬೋರ್ಡಿನ ಹಾಗೆ. ಅವನ ಕಥೆ ಓದುವಾಗ ನನ್ನ ಕಣ್ಣಿಗೆ ಬೀಳುವುದು ಬೇರೆ. ಅವನು ಮಾಡಿದ ಕೆಲಸಗಳಲ್ಲಿ ಎಷ್ಟೋ ಅವನು ಬೇರೇನೋ ಮಾಡಲು ಹೊರಟಾಗ ನಡುವೆ ಬಂದವು. ಎಲ್ಲಿಗೋ ಹೋಗುತ್ತಿರುತ್ತಾನೆ, ಯಾರೋ ಅಡ್ಡ ಬರುತ್ತಾರೆ. ನಮಗೆ ಅದು ತೊಂದರೆ. ಅವನಿಗೆ ಅದೇ ಕೆಲಸ.

ಯೆರಿಕೋ ಊರಿನ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗುತ್ತಾನೆ. ಜನ ಸುಮ್ನಿರು ಅಂತ ಗದರಿಸುತ್ತಾರೆ. ಯೇಸು ನಿಂತು, ಅವನನ್ನು ಕರೆಸಿ, ನಾನು ನಿನಗೇನು ಮಾಡಬೇಕು ಅಂತ ಕೇಳುತ್ತಾನೆ. ಚಿಕ್ಕವಳಿದ್ದಾಗ ನನಗೆ ಇದು ದಡ್ಡ ಪ್ರಶ್ನೆ ಅನಿಸಿತ್ತು. ಕುರುಡನಿಗೆ ಕಣ್ಣು ಬೇಕು, ಮತ್ತೇನು? ಆಮೇಲೆ ಒಂದು ದಿನ ಗದಗದ ವೀರೇಶ್ವರ ಪುಣ್ಯಾಶ್ರಮದ ಹತ್ತಿರ ರಸ್ತೆಯಂಚಿನಲ್ಲಿ ಕಣ್ಣು ಕಾಣದ ಹುಡುಗನೊಬ್ಬ ನಿಂತಿದ್ದ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರೇ, ಕಟ್ಟಿ ಬೆಳೆಸಿದ ಜಾಗ ಅದು. ಅಲ್ಲಿ ಸಂಗೀತ ಕಲಿಯುವ ಇಂಥ ಹುಡುಗರನ್ನು ನೋಡಿಯೇ ನಾವು ಬೆಳೆದವರು. ನಾನು ಪುಣ್ಯ ಕಟ್ಟಿಕೊಳ್ಳುವ ಉಮೇದಿನಲ್ಲಿ ಅವನ ಕೈ ಹಿಡಿದು ದರದರ ರಸ್ತೆ ದಾಟಿಸಿದೆ. ದಾಟಿದ ಮೇಲೆ ಆ ಹುಡುಗ ಮೆಲ್ಲಗೆ ಹೇಳಿದ: "ಅಕ್ಕಾರ, ನಾ ಈ ಕಡೆ ಬರೂದಿರಲಿಲ್ರಿ. ಅಲ್ಲೇ ನಮ್ಮ ಗೆಳ್ಯಾನ್ನ ಕಾಯಾಕತ್ತಿದ್ದೆ." ಮತ್ತೆ ಆ ಕಡೆ ಬಿಟ್ಟು ಬಂದೆ. ಬಾರ್ತಿಮಾಯನಿಗೆ ಕೇಳಿದ ಪ್ರಶ್ನೆ ಅವತ್ತು ಅರ್ಥವಾಯಿತು.

ಆಗ ನನಗೆ ಯೇಸುವಿನ ಊರು ಬೆಟಗೇರಿಯ ಹಾಗೇ ಇತ್ತು, ನಿಜ ಹೇಳಬೇಕೆಂದರೆ. ಐದು ರೊಟ್ಟಿ, ಎರಡು ಮೀನು ಅಂತ ಓದಿದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಅವ್ವ ಬಡಿದ ಜೋಳದ ರೊಟ್ಟಿ. ಆತ ಅದನ್ನು ಮುರಿದಾಗ ಕಟ್ ಅಂತ ಸದ್ದು ಬರುತ್ತಿತ್ತು, ಖಡಕ್ ರೊಟ್ಟಿಯ ಹಾಗೆ. ಅವು ಜವೆಗೋಧಿಯ ರೊಟ್ಟಿ ಅಂತ ಯೋಹಾನನ ಸುವಾರ್ತೆಯಲ್ಲಿದೆ. ಅಲ್ಲಿ ಜವೆ ಬಡವರ ಕಾಳು. ಹಾಗಾಗಿ ನಾನು ತೀರಾ ತಪ್ಪಿರಲಿಲ್ಲ. ಅವನು ಬಡಗಿ ಅಂತ ಓದಿದಾಗ ನಮ್ಮ ಓಣಿಯಲ್ಲಿ ಮಗ್ಗಕ್ಕೆ ಹಲಗೆ ಕೂಡಿಸಲು ಬರುತ್ತಿದ್ದ ಬಡಿಗ್ಯಾರ ಕಾಕಾನ ಮುಖವನ್ನೇ ಅವನಿಗೆ ಅಂಟಿಸಿದ್ದೆ. ಕಿವಿಯ ಮೇಲೆ ಪೆನ್ಸಿಲ್ಲು ಕೂಡ.

ಈ ಕಥೆ ನಮ್ಮ ಊರಿಗೆ ಬಂದದ್ದು ಸ್ವಿಟ್ಜರ್ಲೆಂಡಿನ ಕ್ರಿಶ್ಚನ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರಿಂದ. ಅವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಮತ ಹಬ್ಬಿಸಲು ಬಂದವರು, ಅದನ್ನು ಮುಚ್ಚಿಡುವುದೇನಿದೆ. ನಮ್ಮ ದೇವರುಗಳ ಬಗ್ಗೆ ಅವರಲ್ಲಿ ಕೆಲವರು ಹಗುರವಾಗಿ ಮಾತಾಡಿದ್ದೂ ಉಂಟು. ಅದು ನನಗೆ ಹಿಡಿಸುವುದಿಲ್ಲ. ಆದರೆ ಅವರು ಕನ್ನಡ ಕಲಿತರು, ಶಾಲೆ ತೆರೆದರು. ನಾನು ಹುಟ್ಟಿದ್ದು ಬೆಟಗೇರಿಯಲ್ಲಿ ಅವರು ತೆರೆದ ಜರ್ಮನ್ ದವಾಖಾನೆಯಲ್ಲೇ. ಅದೇ ಮಿಶನ್ನಿನಿಂದ 1853ರಲ್ಲಿ ಬಂದ ಕಿಟೆಲ್ ಸಾಹೇಬರು 1894ರಲ್ಲಿ ಅಚ್ಚಾದ ತಮ್ಮ ನಿಘಂಟಿನಿಂದ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಪದ್ಯವಾಗಿ ಬರೆದಿದ್ದರು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಕುಮಾರವ್ಯಾಸ ಕೂತು ಬರೆದ ಅಂತ ಜನ ಹೇಳುವ ಕಂಬ ಇರುವ ಗದಗದ ವೀರನಾರಾಯಣ ಗುಡಿ ಬೆಟಗೇರಿಯಿಂದ ದೂರವೇನಲ್ಲ. ಇಲ್ಲಿಯವರಿಗೆ ಕಥೆ ಹೇಳಬೇಕಾದರೆ ಹಾಡಿ ಹೇಳಬೇಕು ಅಂತ ಆ ಜರ್ಮನ್ ಮನುಷ್ಯನಿಗೂ ತಿಳಿದಿತ್ತು.

ಮತ್ತೆ ನಮ್ಮ ಯೇಸುವಿಗೆ ಬರೋಣ. ಅವನಿಗೆ ದಣಿವಾಗುತ್ತಿತ್ತು. ಇದು ನನಗೆ ಬಹಳ ಸಮಾಧಾನದ ವಿಷಯ. ಸಮಾರ್ಯದಲ್ಲಿ ನಡೆದು ನಡೆದು ಸೋತು ಬಾವಿಯ ಹತ್ತಿರ ಕೂತವನು, ಅಲ್ಲಿಗೆ ಬಂದ ಪರಜಾತಿಯ ಹೆಂಗಸಿನ ಹತ್ತಿರ ನೀರು ಕೇಳುತ್ತಾನೆ. ಅವನಲ್ಲಿ ಸೇದುವ ಕೊಡ ಇಲ್ಲ. ನಮ್ಮ ಕಡೆ ಕೊಡುವ ಕೈ ದೊಡ್ಡದು ಅನ್ನುತ್ತಾರೆ. ಬೇಡುವ ಕೈ ಚಾಚುವುದು ಇನ್ನೂ ಕಷ್ಟ, ಅಲ್ವಾ? ಇನ್ನೊಂದು ಸಲ ದೋಣಿಯಲ್ಲಿ ಬಿರುಗಾಳಿ ಎದ್ದಿದೆ, ನೀರು ಒಳಗೆ ನುಗ್ಗುತ್ತಿದೆ, ಇವನು ಹಿಂದೆ ತಲೆದಿಂಬಿನ ಮೇಲೆ ಮಲಗಿಬಿಟ್ಟಿದ್ದಾನೆ. ತಲೆದಿಂಬಿನ ಮಾತು ಮಾರ್ಕನಲ್ಲಿ ಮಾತ್ರ ಇದೆ. ಅಕ್ಕೋರಿಗೆ ಆ ತಲೆದಿಂಬು ಬಹಳ ಇಷ್ಟ. "ಎಷ್ಟ ದಣದಿರಬೇಕಪಾ" ಅನ್ನುತ್ತಿದ್ದರು, ಮನೆಯ ಹುಡುಗನ ಬಗ್ಗೆ ಹೇಳುವ ಹಾಗೆ.

ಅವನು ಇಲ್ಲ ಅನ್ನುವುದೂ ಉಂಟು. ಕಪೆರ್ನೌಮಿನಲ್ಲಿ ಒಂದು ಸಂಜೆ ಊರಿನ ಮಂದಿಯೆಲ್ಲ ಬಾಗಿಲಿಗೆ ಬಂದು ಕೂಡಿತ್ತು. ಮಾರನೇ ದಿನ ಇನ್ನೂ ಕತ್ತಲಿರುವಾಗ ಅವನು ಎದ್ದು ಒಬ್ಬನೇ ಹೋಗಿ ಕೂತ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂತ ಶಿಷ್ಯರು ಬಂದರೆ, ಬೇರೆ ಊರಿಗೆ ಹೋಗೋಣ ಅಂದ. ಹುಡುಕಿಕೊಂಡು ಬಂದವರು ಹಾಗೇ ಉಳಿದರು. ಎಲ್ಲರ ಕೆಲಸವನ್ನೂ ನಾನೇ ಮಾಡಿ ಸಾಯಬೇಕು ಅಂದುಕೊಂಡು ಮನೆಯಲ್ಲಿ ಹರಿಹಾಯುವ ನನ್ನಂಥ ಹೆಂಗಸರು ಈ ಭಾಗ ಎರಡು ಸಲ ಓದಬೇಕು.

ಅವನ ಎಲ್ಲವೂ ನನಗೆ ಸೇರುತ್ತದೆ ಅಂತಲ್ಲ. ಹಣ್ಣಿನ ಕಾಲವಲ್ಲದಾಗ ಹಣ್ಣಿಲ್ಲ ಅಂತ ಅಂಜೂರದ ಗಿಡಕ್ಕೆ ಶಾಪ ಹಾಕಿದ. ಪಾಪ, ಗಿಡದ ತಪ್ಪೇನು? ಇದಕ್ಕೆ ಒಳಾರ್ಥ ಇದೆಯಂತೆ. ಅಕ್ಕೋರು ಹೇಳಿದ್ದರು, ನನಗೆ ಒಪ್ಪಿಗೆಯಾಗಲಿಲ್ಲ. ತಾಯಿ, ತಮ್ಮಂದಿರು ಬಾಗಿಲಲ್ಲಿ ನಿಂತು ಹೇಳಿಕಳಿಸಿದರೆ, ನನ್ನ ತಾಯಿ ಯಾರು ಅಂತ ಕೇಳಿದ. ಆ ಮಾತು ಓದಿದಾಗ ನಾನು ಅವ್ವನ ಕಡೆಯವಳಾಗಿ ಸಿಟ್ಟಾದೆ. ಈಗಲೂ ಆಗುತ್ತೇನೆ.

ಆದರೆ ಮಾರ್ಕನ ಏಳನೇ ಅಧ್ಯಾಯದ ಒಂದು ಘಟನೆ ಇದೆ. ಅದರಲ್ಲಿ ಅವನು ಮೊದಲು ಕೆಟ್ಟದಾಗಿ ಮಾತಾಡುತ್ತಾನೆ. ತೂರ್ ಪಟ್ಟಣದ ಕಡೆ ಯಾರಿಗೂ ತಿಳಿಯಬಾರದು ಅಂತ ಒಂದು ಮನೆ ಹೊಕ್ಕಿದ್ದಾನೆ. ಪರದೇಶದ ಹೆಂಗಸೊಬ್ಬಳು ಅಲ್ಲಿಗೂ ಬಂದು, ಮಗಳನ್ನು ಕಾಪಾಡು ಅನ್ನುತ್ತಾಳೆ. ಅವನು, ಮಕ್ಕಳ ರೊಟ್ಟಿ ತೆಗೆದು ನಾಯಿಗೆ ಹಾಕುವುದು ಸರಿಯಲ್ಲ ಅನ್ನುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಅಳುತ್ತಾ ಹೋಗುತ್ತಿದ್ದರು. ಇವಳು ಹೋಗಲಿಲ್ಲ. ಹೌದು ಸ್ವಾಮಿ, ಆದರೆ ಮಕ್ಕಳು ಚೆಲ್ಲಿದ ಚೂರನ್ನು ಮೇಜಿನ ಕೆಳಗಿನ ನಾಯಿಗಳೂ ತಿನ್ನುತ್ತವಲ್ಲ ಅಂದಳು. ಅವನು ಸೋತ. ಈ ಮಾತು ಆಡಿದ್ದಕ್ಕೆ ನಿನ್ನ ಮಗಳು ಹುಷಾರಾದಳು ಹೋಗು ಅಂದ.

"ಹೆಂಗಸಿನ ಮಾತಿಗೆ ಸೋತು, ಸೋತೆ ಅಂತ ಒಪ್ಕೊಂಡ ಗಂಡಸು" ಅಂತ ಅಕ್ಕೋರು ಹೇಳಿ, ಧ್ವನಿ ತಗ್ಗಿಸಿ, "ನಿಮ್ಮಪ್ಪಗ ಹೇಳಬ್ಯಾಡ" ಅಂದರು.

ಇದನ್ನು ಒಳ್ಳೆಯತನ ಅನ್ನುವುದಕ್ಕಿಂತ ತಿದ್ದಿಕೊಳ್ಳುವ ಗುಣ ಅನ್ನಬಹುದೇನೋ. ತಪ್ಪೇ ಮಾಡದವನನ್ನು ಪೂಜೆ ಮಾಡಬಹುದು, ಅವನ ಹಿಂದೆ ನಡೆಯಲು ಆಗಲ್ಲ. ಮಾತು ಮುಗಿಯುವಷ್ಟರಲ್ಲಿ ತನ್ನನ್ನು ತಿದ್ದಿಕೊಂಡವನ ಹಿಂದೆ ನಡೆಯಬಹುದು. ಹೆದರಿದವನ ಹಿಂದೆಯೂ. ಗೆತ್ಸೆಮನೆಯ ತೋಟದಲ್ಲಿ ಕೊನೆಯ ರಾತ್ರಿ ಅವನು ಹೆದರಿದ್ದ. ಸ್ವಲ್ಪ ಹೊತ್ತು ಎಚ್ಚರವಾಗಿರಿ ಅಂತ ಗೆಳೆಯರನ್ನು ಕೇಳಿಕೊಂಡ. ಅವರು ಮಲಗಿಬಿಟ್ಟರು. ದವಾಖಾನೆಯ ಹೊರಗೆ ರಾತ್ರಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನೆಲ್ಲ ಒಮ್ಮೆ ಅಪ್ಪನ ಮುಂದೆ ಹೇಳಿದೆ. ಅವನು, "ಬಸವಣ್ಣನೂ ಅದನ್ನs ಹೇಳ್ಯಾನ. ಎಲ್ಲಾ ಒಂದs" ಅಂದ. ನನಗೆ ಈ 'ಎಲ್ಲಾ ಒಂದೇ' ಅಂದರೆ ಆಗಿಬರಲ್ಲ. ಅದು ಇಬ್ಬರನ್ನೂ ಓದದೆ ಇರಲು ಒಳ್ಳೆಯ ನೆಪ. ಬಸವಣ್ಣ ಮಂತ್ರಿಯಾಗಿದ್ದವನು, ಭಂಡಾರ ನೋಡಿಕೊಂಡವನು. ಕಾಯಕ, ದಾಸೋಹ ಅಂತ ಒಂದು ಊರಿಗೇ ಬದುಕುವ ಕ್ರಮ ಕಟ್ಟಿಕೊಟ್ಟವನು. ಯೇಸುವಿಗೆ ಅಧಿಕಾರ ಇರಲಿಲ್ಲ, ರೊಕ್ಕ ಇರಲಿಲ್ಲ, ತಲೆಯಿಡಲು ಜಾಗ ಇರಲಿಲ್ಲ. ಮೂವತ್ತು ದಾಟಿ ಸ್ವಲ್ಪ ದಿನಕ್ಕೇ ಕೊಂದುಬಿಟ್ಟರು. ನನಗೆ ಕೆಲಸ ಹೇಗೆ ಮಾಡಬೇಕು ಅನ್ನುವುದಕ್ಕೆ ಬಸವಣ್ಣ ಬೇಕು. ಕೆಲಸದ ನಡುವೆ ಯಾರಾದರೂ ಬಂದು ನಿಂತಾಗ ಇವನು ಬೇಕು. ಶಿಶುನಾಳದ ಷರೀಫಜ್ಜ ಗೋವಿಂದ ಭಟ್ಟರನ್ನು ಗುರು ಅಂದುಕೊಂಡ ಸೀಮೆ ನಮ್ಮದು. ಇಬ್ಬರನ್ನು ಇಟ್ಟುಕೊಳ್ಳಲು ಜಾಗ ಕಮ್ಮಿಯಿಲ್ಲ.

ಹೇಳುವುದು ಸುಲಭ. ನನ್ನ ಕೆಲಸ ಹುಬ್ಬಳ್ಳಿಯ ಒಂದು ಬ್ಯಾಂಕಿನ ಕೌಂಟರಿನಲ್ಲಿ. ದಿನಾ ನೂರು ಮುಖ ನೋಡುತ್ತೇನೆ, ಅಂದರೆ ಒಂದನ್ನೂ ನೋಡುವುದಿಲ್ಲ. ಹೋದ ವರ್ಷ ಒಬ್ಬ ಅಜ್ಜಿ ಬಂದಳು. ಪಿಂಚಣಿ ಬರುವ ಖಾತೆ, ಕೆವೈಸಿ ಬಾಕಿ ಇದ್ದದ್ದರಿಂದ ನಿಂತುಹೋಗಿತ್ತು. ಯಂತ್ರದ ಮೇಲೆ ಹೆಬ್ಬೆಟ್ಟು ಇಡಿಸಿದೆ. ಹಿಡಿಯಲಿಲ್ಲ. ಒರೆಸಿ ಮತ್ತೆ ಇಡಿಸಿದೆ. ಇಲ್ಲ. ಹಿಂದೆ ಸಾಲು ಬೆಳೆದಿತ್ತು. "ನಾಳೆ ಬರ್ರಿ ಅಮ್ಮಾ" ಅಂದೆ. ಮರುದಿನವೂ ಹಿಡಿಯಲಿಲ್ಲ. ಮತ್ತೆ ನಾಳೆ ಬರ್ರಿ ಅಂದೆ. ಕಾಗದದ ಫಾರ್ಮ್ ತುಂಬಿ, ಆಧಾರ್ ಝೆರಾಕ್ಸ್ ಹಚ್ಚಿ ಸಾಹೇಬರ ಸಹಿ ಮಾಡಿಸಿದರೆ ಆಗುತ್ತದೆ ಅಂತ ನನಗೆ ಗೊತ್ತಿತ್ತು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಸಾಲನ್ನು ನಿಲ್ಲಿಸಬೇಕಿತ್ತು, ಅಷ್ಟೇ.

ಮೂರನೇ ದಿನ ಅವಳ ಕೈಯನ್ನು ನಾನೇ ಹಿಡಿದು ಯಂತ್ರದ ಮೇಲೆ ಒತ್ತಲು ಹೋದೆ. ಬೆರಳು ನುಣ್ಣಗಿತ್ತು. ಗೆರೆಯೇ ಇರಲಿಲ್ಲ. ಏನು ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿದೆ.

"ಕಂಡಿಕಿ ಸುತ್ತತಿದ್ನಿ ಯವ್ವಾ. ಸಣ್ಣಾಕಿದ್ದಾಗಿಂದ."

ನಮ್ಮ ಅಜ್ಜಿಯೂ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವಳೇ. ಅವಳ ಬೆರಳೂ ಹೀಗೇ ಇದ್ದವು. ಮಲಗುವಾಗ ಅವಳು ನನ್ನ ಕೆನ್ನೆ ಸವರಿದರೆ ಮೇಣ ಸವರಿದ ಹಾಗಾಗುತ್ತಿತ್ತು. ಎರಡು ದಿನ ಇದೇ ಹೆಬ್ಬೆಟ್ಟನ್ನು ನಾನು ಯಂತ್ರದ ಕೆಂಪು ದೀಪದಲ್ಲಿ ನೋಡಿದ್ದೆ, ಬೆರಳಿನಲ್ಲಿ ನೋಡಿರಲಿಲ್ಲ.

ಕೌಂಟರಿನ ಮೇಲೆ ಬೋರ್ಡು ತಿರುಗಿಸಿಟ್ಟು ಎದ್ದೆ. ಸಾಲಿನಲ್ಲಿದ್ದ ಒಬ್ಬರು ದೊಡ್ಡ ದನಿ ತೆಗೆದರು. ತೆಗೆಯಲಿ ಅಂದುಕೊಂಡೆ, ಆದರೂ ಕಿವಿ ಬಿಸಿಯಾಯಿತು. ಫಾರ್ಮ್ ತುಂಬಿದೆ, ಝೆರಾಕ್ಸ್ ನಾನೇ ಮಾಡಿಸಿದೆ, ಸಹಿ ಆಯಿತು. ಹದಿನೈದು ನಿಮಿಷ ಹಿಡಿಯಿತು. ಮುಗಿಸಿ ಬಂದಾಗ ಅಜ್ಜಿ ಬೆಂಚಿನ ಮೇಲೆ ಗೋಡೆಗೆ ಒರಗಿದ್ದಳು. ಮಧ್ಯಾಹ್ನ ಎರಡು ದಾಟಿತ್ತು.

"ಊಟಾ ಆತೇನಬೇ?" ಅಂತ ಕೇಳಿದೆ. ನಮ್ಮ ಕಡೆ ಇದು ನಮಸ್ಕಾರ ಇದ್ದ ಹಾಗೆ, ಯಾರೂ ಉತ್ತರಕ್ಕೆ ಕಾಯುವುದಿಲ್ಲ. ನಾನು ಕಾಯುತ್ತಾ ನಿಂತೆ.

"ಮೂರ ದಿನಾ ಬಂದ್ನಿ" ಅಂದಳು. "ಇವತ್ತ ಕೇಳಿದಿ ನೋಡು."

ಬೈಗುಳದ ದನಿ ಇರಲಿಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದಳು. ಚೀಲದಿಂದ ಅರಿವೆಯ ಗಂಟು ತೆಗೆದು ಬಿಚ್ಚಿದಳು. ಎರಡು ರೊಟ್ಟಿ, ಶೇಂಗಾ ಹಿಂಡಿ. ಕೆಲಸ ಆಗುವ ತನಕ ಉಣ್ಣಬಾರದು ಅಂತ ಇಟ್ಟುಕೊಂಡಿದ್ದಳೋ ಏನೋ. ನಾನು ನನ್ನ ಬಾಟಲಿಯ ನೀರು ಅವಳ ಪಕ್ಕ ಇಟ್ಟೆ. ಅವಳು ರೊಟ್ಟಿ ಮುರಿದಳು. ಕಟ್ ಅಂತು.

ಒಳಗೆ ಹೋಗಿ ಕೂತು ಬೋರ್ಡು ತಿರುಗಿಸಿದೆ. ಟೋಕನ್ 61.